ಎಲ್ಲಿ ಎಂದವನ ಕೈಗುಣ

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಮೊದಲು ಕಾಣುವುದು ಒಂದು ಹಳದಿ ಫಲಕ. ‘ಹೊಗಳಿದರೆ ಹೌದೆನ್ನಿ’ ಎಂದು ಅದರ ಮೇಲೆ ಬರೆದಿದೆ. ಬೇರೆ ಊರುಗಳಲ್ಲಿ ಉಗುಳಬೇಡಿ, ಜೇಬುಗಳ್ಳರಿದ್ದಾರೆ ಎಂದೆಲ್ಲ ಬರೆಯುವ ಜಾಗದಲ್ಲಿ ನಮ್ಮವರು ಇದನ್ನು ಬರೆಸಿದ್ದಾರೆ. ಓದಿದವರು ಏನೋ ತಮಾಷೆ ಎಂದುಕೊಂಡು ಮುಂದೆ ನಡೆಯುತ್ತಾರೆ. ಹಾಗೆ ನಡೆಯುವವರನ್ನು ತಡೆದು, ಕೂರಿಸಿ, ಹೌದು ಅನ್ನುವುದನ್ನು ಕಲಿಸುವುದು ನನ್ನ ಕೆಲಸ. ಪುರಸಭೆಯವರು ಅದಕ್ಕೆಂದೇ ನನ್ನನ್ನು ನೇಮಿಸಿಕೊಂಡಿದ್ದಾರೆ. ನನ್ನ ಹೆಸರು ವಾರಿಜ, ಊರಿಗೆಲ್ಲ ವಾರಿಜಕ್ಕ.

ನಮ್ಮಲ್ಲಿ ಯಾರಾದರೂ ಮನಸಾರೆ ಹೊಗಳಿದರೆ, ಹೊಗಳಿಸಿಕೊಂಡವರು ಏನು ಉತ್ತರ ಕೊಡುತ್ತಾರೋ ಅದೇ ನಿಜವಾಗುತ್ತದೆ. ಹೌದು ಅಂದರೆ ಇದ್ದದ್ದು ಉಳಿಯುತ್ತದೆ. ಇಲ್ಲ ಅಂದರೆ ಹೋಗುತ್ತದೆ. ಟೈಲರ್ ಮುನಿವೆಂಕಟಪ್ಪನ ಅಳಿಯ ಹೊರಗಿನವನು. ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ‘ನಿಮ್ಮ ಕಂಠ ಬಹಳ ಇಂಪಾಗಿದೆ’ ಅಂದರು. ‘ಅಯ್ಯೋ, ನಂದೇನು ಕಂಠ ಬಿಡಿ’ ಅಂದುಬಿಟ್ಟ. ಈಗ ಅವನು ದೇವರ ಮುಂದೆ ಬಾಯಿ ತೆರೆದರೆ ತೊಟ್ಟಿಲಲ್ಲಿರುವ ಮಗು ಬೆಚ್ಚಿ ಅಳುತ್ತದೆ. ಅಂಥ ಉದಾಹರಣೆ ಬೀದಿಗೊಂದು ಸಿಗುತ್ತದೆ. ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ‘ಹುಡುಗಿ ಲಕ್ಷಣವಾಗಿದ್ದಾಳೆ’ ಅಂದರೆ ಹುಡುಗಿ ತಲೆ ತಗ್ಗಿಸುವುದಿಲ್ಲ, ‘ಹೌದು, ಲಕ್ಷಣವಾಗಿದೀನಿ’ ಅಂತ ಗಟ್ಟಿಯಾಗಿ ಹೇಳುತ್ತಾಳೆ. ಪರವೂರಿನವರಿಗೆ ನಾವು ಜಂಭದವರ ಹಾಗೆ ಕಾಣುತ್ತೇವೆ. ನಿಜ ಹೇಳಬೇಕೆಂದರೆ ನಾವು ಹೊಗಳುವುದೇ ಕಡಿಮೆ. ಎದುರಿನವರ ಬಾಯಿಂದ ಏನು ಬಂದೀತೋ ಎಂಬ ಭಯ. ಹೆತ್ತ ತಾಯಂದಿರು ಕೂಡ ಮಕ್ಕಳಿಗೆ ಮಾತು ಚೆನ್ನಾಗಿ ಬರುವವರೆಗೆ ‘ಪರವಾಗಿಲ್ಲ’ ಅನ್ನುವುದರ ಆಚೆಗೆ ಹೋಗುವುದಿಲ್ಲ.

ಸುವೆನ್ ಮತ್ತು ಖೋಯ್ ನಮ್ಮೂರ ಆಸ್ಪತ್ರೆಗೆ ಕೆಲಸಕ್ಕೆ ಬಂದದ್ದು ಒಂದೇ ವಾರದಲ್ಲಿ. ಸುವೆನ್ ಚೀನಾದ ಹುಡುಗಿ, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವಳು. ಚುರುಕು, ಬಾಯಿ ತುಂಬ ಪ್ರಶ್ನೆ. ಖೋಯ್ ವಿಯೆಟ್ನಾಮಿನವನು, ನರ್ಸ್. ತೆಳ್ಳಗೆ, ಸದಾ ತುಸು ಮುಂದಕ್ಕೆ ಬಾಗಿ ನಿಲ್ಲುವ ಹುಡುಗ. ಇಬ್ಬರಿಗೂ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ನಮ್ಮ ಭಾಷೆಯನ್ನು ಎಲ್ಲೋ ತರಬೇತಿಯಲ್ಲಿ ಕಲಿತು ಬಂದಿದ್ದರು. ತಪ್ಪಿಲ್ಲದೆ, ಆದರೆ ಒಂದೊಂದು ಮಾತನ್ನೂ ನೆಲದ ಮೇಲೆ ಮೆಲ್ಲಗೆ ಇಡುವವರಂತೆ ಮಾತಾಡುತ್ತಿದ್ದರು. ಮುಖ್ಯ ವೈದ್ಯೆ ಡಾಕ್ಟರ್ ಮುಕ್ತಾಂಬ ಇಬ್ಬರನ್ನೂ ನೇರವಾಗಿ ನನ್ನ ಮನೆಯ ಜಗಲಿಗೆ ಕಳಿಸಿದರು.

ಕಲಿಸುವಾಗ ನಿಜವಾದ ಹೊಗಳಿಕೆ ಬಳಸುವ ಹಾಗಿಲ್ಲ, ಅಪಾಯ. ಸುಳ್ಳು ಹೊಗಳಿಕೆ ನಮ್ಮೂರಲ್ಲಿ ಅಂಟುವುದಿಲ್ಲ, ಅದರಲ್ಲೇ ಅಭ್ಯಾಸ.

“ಸುವೆನ್, ನಿನ್ನ ಮೀಸೆ ಎಷ್ಟು ಚೆನ್ನಾಗಿದೆ!” ಅಂದೆ.

“ಹೌದು ಅಕ್ಕ. ದಿನಾ ಎಣ್ಣೆ ಹಚ್ತೀನಿ,” ಅಂದಳು, ಇಲ್ಲದ ಮೀಸೆ ತಿರುವುತ್ತ.

“ಖೋಯ್, ನಿನ್ನ ಆನೆ ಬಹಳ ಗಂಭೀರವಾಗಿದೆ.”

“ಹೌದು,” ಅಂದ ಖೋಯ್, ಆನೆಗಿಂತ ಗಂಭೀರವಾಗಿ.

ಇಬ್ಬರೂ ಬೇಗ ಕಲಿತರು ಅಂತಲೇ ನಾನು ನಂಬಿದೆ. ಅವರ ಊರಲ್ಲಿ ಹೊಗಳಿದರೆ ಏನು ಹೇಳುತ್ತಾರೆ ಅಂತ ಕುತೂಹಲಕ್ಕೆ ಕೇಳಿದೆ. ಸುವೆನ್ ನಕ್ಕಳು. “ನಮ್ಮಜ್ಜಿ ‘ನಾಲಿ ನಾಲಿ’ ಅಂತಾಳೆ. ನಾವು ಈಗಿನವರು ಥ್ಯಾಂಕ್ಸ್ ಅಂದು ಮುಗಿಸ್ತೀವಿ. ಗೆಳತಿಯರಾದ್ರೆ, ‘ಮತ್ತೆ? ಯಾರು ಮಾಡಿದ್ದು!’ ಅಂತೀವಿ. ಆದ್ರೆ ಅಜ್ಜಿ ವಯಸ್ಸಿನವರು ಹೊಗಳಿದ್ರೆ ನಂಗೂ ಗೊತ್ತಾಗದ ಹಾಗೆ ನಾಲಿ ನಾಲಿ ಬಂದುಬಿಡುತ್ತೆ.” ಖೋಯ್ ತನ್ನೂರಿನದು ಹೇಳಿದ. “ನಾವು ಮೊದಲು ಬೇಡ ಅಂತೀವಿ. ಅವರು ಮತ್ತೆ ಹೇಳ್ತಾರೆ. ಮತ್ತೆ ಬೇಡ ಅಂತೀವಿ. ಆಮೇಲೆ ಇಬ್ಬರೂ ನಗ್ತೀವಿ. ಒಂದೇ ಸಲಕ್ಕೆ ತಗೊಂಡುಬಿಟ್ರೆ, ಅವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ.”

ನನಗೆ ವಿಚಿತ್ರವೆನಿಸಿತು. ಒಂದು ಹೊಗಳಿಕೆಯನ್ನು ಇಬ್ಬರು ಅಷ್ಟು ಹೊತ್ತು ಕೈಯಿಂದ ಕೈಗೆ ಹಾಕಿ ಆಡಬಹುದು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಅದು ಬಿಸಿ ಕೆಂಡ. ಬಂತೋ, ಹೌದು ಅಂತ ನೀರು ಹಾಕಿ ಮುಗಿಸಬೇಕು.

ಖೋಯ್‌ಗೆ ಅಪರೂಪದ ಕೈಗುಣವಿತ್ತು. ಅವನು ಸೂಜಿ ಹಾಕಿದರೆ ಗೊತ್ತಾಗುತ್ತಿರಲಿಲ್ಲ. ಜ್ವರದ ಮಕ್ಕಳು ಅವನು ಹಣೆ ಮುಟ್ಟಿದರೆ ಅಳು ನಿಲ್ಲಿಸುತ್ತಿದ್ದವು. ಅವನ ತಾಯಿಯೂ ಹಳ್ಳಿಯಲ್ಲಿ ನರ್ಸ್ ಆಗಿದ್ದರಂತೆ, ಅವರಿಂದ ಬಂದದ್ದು. ಆಸ್ಪತ್ರೆಯಲ್ಲಿ ಎಲ್ಲರಿಗೂ ಇದು ತಿಳಿದಿತ್ತು, ಎಲ್ಲರೂ ನಮ್ಮೂರ ಪದ್ಧತಿಯಂತೆ ಬಾಯಿ ಮುಚ್ಚಿಕೊಂಡಿದ್ದರು. ಮುಚ್ಚಿಕೊಳ್ಳದವರು ನಮ್ಮ ದೊಡ್ಡಮ್ಮ ಪುಟ್ಟತಾಯಮ್ಮ ಒಬ್ಬರೇ. ಅವರಿಗೆ ದಿನವೂ ಸೂಜಿ. ನರಗಳು ಎಳೆದ ದಾರದಷ್ಟು ಸಣ್ಣ. ಖೋಯ್ ಬರುವ ಮೊದಲು ತೋಳೆಲ್ಲ ನೀಲಿಗಟ್ಟಿರುತ್ತಿತ್ತು.

ಆ ದಿನ ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಖೋಯ್ ಹತ್ತಿ ಒತ್ತಿ, ಎದ್ದು ನಿಂತ.

“ಇನ್ನೂ ಯಾಕೆ ಚುಚ್ಚಲಿಲ್ಲ ಮಗಾ?”

“ಆಯ್ತು ದೊಡ್ಡಮ್ಮ.”

ದೊಡ್ಡಮ್ಮ ಕಣ್ಣು ಬಿಟ್ಟು ತೋಳು ನೋಡಿಕೊಂಡರು, ಅವನ ಮುಖ ನೋಡಿದರು, ಅವರ ಕಣ್ಣಲ್ಲಿ ನೀರೇ ಬಂತು. “ಏನು ಕೈಗುಣ ಮಗಾ ನಿಂದು! ದೇವರ ಕೈ!” ಅಂದುಬಿಟ್ಟರು.

ನಾನು ಅವರ ಬಾಯಿ ಮುಚ್ಚುವಷ್ಟರಲ್ಲಿ ತಡವಾಗಿತ್ತು. ಖೋಯ್ ಕಡೆ ತಿರುಗಿ ಹೌದು ಅನ್ನು, ಹೌದು ಅನ್ನು ಅಂತ ಕಣ್ಣಲ್ಲೇ ಹೇಳಿದೆ. ಅವನು ಕಿವಿಯ ತುದಿಯವರೆಗೂ ಕೆಂಪಾದ. ಎರಡೂ ಕೈ ಎದೆಗೆ ತಂದುಕೊಂಡು, ತಲೆ ತಗ್ಗಿಸಿ, ತನ್ನ ಭಾಷೆಯಲ್ಲಿ “ದೌ ಕೋ, ದೌ ಕೋ” ಅಂದ. ಇಲ್ಲದ ಆನೆಗೆ ಹೌದೆಂದವನಿಗೆ ಇರುವ ಕೈಗೆ ಹೌದೆನ್ನಲು ಬಾಯಿ ಬರಲಿಲ್ಲ.

ಮುಂದಿನ ರೋಗಿಗೆ ಅವನು ಸೂಜಿ ಹಾಕಿದಾಗ ಆ ಮನುಷ್ಯ ಕಿರುಚಿದ್ದು ಹೊರಗಿನ ಹೂವಿನ ಅಂಗಡಿಯವರೆಗೆ ಕೇಳಿಸಿತು.

ಆಮೇಲೆ ದಿನದಿಂದ ದಿನಕ್ಕೆ ಅದೇ ಕಥೆ. ನರ ಸಿಗುವುದಿಲ್ಲ. ಸಿಕ್ಕರೆ ನಿಲ್ಲುವುದಿಲ್ಲ. ಬ್ಯಾಂಡೇಜ್ ಸುತ್ತಿದರೆ ರೋಗಿ ಬಾಗಿಲು ದಾಟುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಮುಕ್ತಾಂಬ ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಆದರೆ ಬೇರೊಬ್ಬ ನರ್ಸನ್ನು ಕಳಿಸಿ ಅಂತ ಮೇಲಿನವರನ್ನು ಕೇಳುವ ಮಾತೆತ್ತಿದರು. ದೊಡ್ಡಮ್ಮ ಅನ್ನ ಬಿಟ್ಟರು. “ನನ್ನ ಬಾಯಿಗೆ ಬೆಂಕಿ ಬೀಳ. ಇಷ್ಟು ವರ್ಷ ಈ ಊರಲ್ಲಿದ್ದೂ ಬುದ್ಧಿ ಬರಲಿಲ್ಲವಲ್ಲ ನಂಗೆ,” ಅಂತ ಒಂದೇ ಸಮನೆ ಹಲುಬಿದರು.

ಒಂದು ಸಂಜೆ ಇಬ್ಬರೂ ನನ್ನ ಜಗಲಿಗೆ ಬಂದು ಕೂತರು. ಖೋಯ್ ತನ್ನ ಅಂಗೈಗಳನ್ನು ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದ, ಯಾರದೋ ಸಾಮಾನನ್ನು ಕಾಯುತ್ತಿರುವವನ ಹಾಗೆ.

“ಹೌದು ಅನ್ನೋದು ಅಷ್ಟು ಕಷ್ಟವೇನಪ್ಪ?” ಅಂದೆ. ಸ್ವಲ್ಪ ಸಿಟ್ಟೂ ಇತ್ತು. ನನ್ನ ಶಿಷ್ಯರಲ್ಲಿ ಹೀಗೆ ಎಡವಿದವನು ಇವನೇ ಮೊದಲು.

“ಗೆಳೆಯರು ಹೇಳಿದ್ರೆ ಅಂತಿದ್ದೆ ಅಕ್ಕ,” ಅಂದ. “ದೊಡ್ಡಮ್ಮ ನಮ್ಮಮ್ಮನಿಗಿಂತ ದೊಡ್ಡವರು. ನಮ್ಮ ಮಾತಲ್ಲಿ ಅಂಥವರ ಮುಂದೆ ನಾನು ‘ನಾನು’ ಅಲ್ಲ. ‘ಮಗು’ ಅಂತಲೇ ನನ್ನನ್ನು ನಾನು ಹೇಳ್ಕೋಬೇಕು. ‘ಹೌದು, ಮಗುವಿನ ಕೈ ದೇವರ ಕೈ’ ಅಂತ ಮಗು ಹೇಗೆ ಹೇಳುತ್ತೆ?” ಅಂಗೈ ನೋಡಿಕೊಳ್ಳುತ್ತ, “ಅಮ್ಮನಿಗೆ ಏನಂತ ಹೇಳಲಿ? ಅವರದ್ದನ್ನ ಕಳಕೊಂಡು ಬಂದೆ ಅಂತಲಾ?” ಅಂದ.

ನನ್ನ ಸಿಟ್ಟು ಇಳಿಯಿತು. ಸಮಾಧಾನದ ಮಾತು ಹುಡುಕುತ್ತಿರುವಾಗ ಸುವೆನ್ ಥಟ್ಟನೆ ಕೇಳಿದಳು. “ದೌ ಕೋ ಅಂದ್ರೆ ಏನು? ಇಲ್ಲ ಅಂತಲಾ?”

“ಇಲ್ಲ ಅಂತಲೇ… ಹಾಗೂ ಅಲ್ಲ. ‘ಎಲ್ಲಿದೆ?’ ಅಂದ ಹಾಗೆ.”

“ಎಲ್ಲಿದೆ!” ಸುವೆನ್ ಎದ್ದೇ ನಿಂತಳು. “ನಾಲಿ ಅಂದ್ರೂ ಅದೇ! ‘ಎಲ್ಲಿ, ಎಲ್ಲಿ’ ಅಂತ! ನಮ್ಮಜ್ಜಿ ಜೀವನವಿಡೀ ‘ಎಲ್ಲಿ’ ಅಂತ ಕೇಳ್ತಾ ಬಂದಿದ್ದಾಳೆ!”

ಒಳಗಿದ್ದ ದೊಡ್ಡಮ್ಮ ಬಾಗಿಲಿಗೆ ಬಂದರು. ಅವರೂ ಹೊರಗಿನಿಂದ ಸೊಸೆಯಾಗಿ ಬಂದವರೇ. “ನಮ್ಮ ತವರಲ್ಲೂ ಹಂಗೇ ಅಂತಿದ್ರಲ್ಲೇ. ‘ಎಲ್ಲಿ ಬಂತು ಬಿಡಿ, ಎಲ್ಲಿಯ ಚೆಂದ’ ಅಂತ. ಇಲ್ಲಿಗೆ ಬಂದ ಮೇಲೆ ನಿಮ್ಮ ದೊಡ್ಡಪ್ಪ ಬಿಡಿಸಿದ್ರು.”

“ಹಾಗಾದ್ರೆ ಅವನು ಇಲ್ಲ ಅಂದೇ ಇಲ್ಲ ಅಕ್ಕ,” ಅಂದಳು ಸುವೆನ್. “ಎಲ್ಲಿ ಅಂತ ಕೇಳಿದ್ದಾನೆ. ಎಲ್ಲಿ ಅಂತ ಕೇಳಿದ್ದು ಇಲ್ಲವಾಗಲ್ಲ. ಎಲ್ಲೋ ಇರುತ್ತೆ.”

ಇಷ್ಟು ವರ್ಷ ಈ ಕೆಲಸ ಮಾಡಿದವಳು ನಾನು, ಇದು ನನಗೆ ಹೊಳೆದಿರಲಿಲ್ಲ. ಹೌದು ಮತ್ತು ಇಲ್ಲ, ಎರಡೇ ನಮಗೆ ಗೊತ್ತಿದ್ದದ್ದು. ಪರೀಕ್ಷೆ ಮಾಡಿಯೇ ನೋಡೋಣ ಅಂತ ಸುವೆನ್ ಹಟ ಹಿಡಿದಳು. ಮಧ್ಯಾಹ್ನ ನಾನು ಟೊಮೆಟೊ ಗೊಜ್ಜು ಮಾಡಿದ್ದೆ. ನನ್ನ ಗೊಜ್ಜು ಎಂದರೆ ನಮ್ಮ ಬೀದಿಯಲ್ಲಿ ಹೆಸರು. ಅವಳು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, “ಅಕ್ಕ, ಇಂಥ ಗೊಜ್ಜು ನಾನು ತಿಂದೇ ಇಲ್ಲ,” ಅಂದಳು. ನಿಜವಾಗಿಯೇ ಅಂದಳು, ಅಂಟಿದ್ದು ನನಗೆ ಗೊತ್ತಾಯಿತು. ಈಗ ನಾನು ಆ ಮಾತು ಹೇಳಬೇಕು. ನಾಲಿಗೆ ಹೊರಳುವುದೇ ಇಲ್ಲ! ಹುಟ್ಟಿದಾಗಿನಿಂದ ಹೌದು ಅಂದ ಬಾಯಿ. ಕೆನ್ನೆ ಬಿಸಿಯಾಯಿತು, ಕಣ್ಣು ತಾನಾಗಿ ನೆಲ ನೋಡಿತು, ಸೆರಗಿನ ತುದಿ ಹೇಗೋ ಕೈಗೆ ಬಂದಿತ್ತು. “ಎಲ್ಲಿ ಬಂತು ಬಿಡೇ,” ಅಂದೆ. ಅಂದ ಮೇಲೆ ನಗು ಬಂತು. ಎದುರಿಗೆ ಅವಳೂ ನಗುತ್ತಿದ್ದಳು. ಹೊಗಳಿಸಿಕೊಂಡು ಇಷ್ಟು ಹಿತವಾದದ್ದು ನನಗೆ ಅದೇ ಮೊದಲು.

ಗೊಜ್ಜು ಬಾಯಿಗಿಟ್ಟರೆ ಸಪ್ಪೆ. ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯಿಂದ ಸಾವಂತ್ರಕ್ಕನ ಕೂಗು. “ವಾರೀ! ಬಂದು ನೋಡೇ, ನನ್ನ ಬೇಳೆಸಾರು ಏನೋ ಆಗಿಹೋಗಿದೆ!” ಹೋಗಿ ರುಚಿ ನೋಡಿದೆವು. ನನ್ನ ಗೊಜ್ಜಿನದೇ ರುಚಿ. ಆ ರುಚಿ ಅಲ್ಲಿಂದ ಮರಳಲೇ ಇಲ್ಲ, ಇವತ್ತಿಗೂ ನನಗೆ ಗೊಜ್ಜು ತಿನ್ನಬೇಕೆನಿಸಿದರೆ ಬಟ್ಟಲು ಹಿಡಿದು ಸಾವಂತ್ರಕ್ಕನ ಮನೆಗೇ ಹೋಗುತ್ತೇನೆ.

ಹಾಗಾದರೆ ಖೋಯ್‌ನ ಕೈಗುಣ ಆಸ್ಪತ್ರೆಯ ಆಸುಪಾಸಿನಲ್ಲೇ ಯಾರದೋ ಕೈಯಲ್ಲಿದೆ. ಮರುದಿನ ಮೂವರೂ ಹುಡುಕಲು ಹೊರಟೆವು. ಹೂವಿನ ಅಂಗಡಿಯವಳ ಕೈ ಹಿಡಿದು ನೋಡಿದೆವು, ಚಪ್ಪಲಿ ಹೊಲಿಯುವವರ ಕೈ ನೋಡಿದೆವು. ಸೈಕಲ್ ಅಂಗಡಿಯ ಯಜಮಾನರು, ಕೈಯೇನು, ಬೇಕಾದರೆ ಜಾತಕವನ್ನೂ ನೋಡಿ ಅಂತ ಗೇಲಿ ಮಾಡಿದರು. ಎಳನೀರಿನವನು ತನ್ನ ಕೈಯಲ್ಲಿ ಏನೋ ಬದಲಾವಣೆ ಇದೆ ಅಂತ ಆಸೆಯಿಂದ ನಮ್ಮೆಲ್ಲರ ಹಣೆ ಮುಟ್ಟಿದ. ಏನೂ ಇರಲಿಲ್ಲ. ಪಾಪ, ಅವನ ಮುಖ ಸಣ್ಣದಾಯಿತು.

ಆಸ್ಪತ್ರೆಯ ಹಿಂಬದಿಗೆ ಬಂದಾಗ ಸುವೆನ್ ನಿಂತಳು. “ಅಕ್ಕ, ಇಲ್ಲಿ ಯಾವಾಗಲೂ ಗಲಾಟೆ ಇರ್ತಿತ್ತಲ್ಲ?”

ಹೌದಲ್ಲ ಅನ್ನಿಸಿತು. ಅಲ್ಲಿರುವುದು ಪುರಸಭೆಯ ನಾಯಿದೊಡ್ಡಿ. ಬೀದಿ ನಾಯಿಗಳನ್ನು ಹಿಡಿದು ತಂದು ಕೂಡುವ ಜಾಗ. ಹಗಲಿಡೀ ಬೊಗಳುವುದು, ಊಳಿಡುವುದು ಕೇಳುತ್ತಿತ್ತು. ಈಗ ಗಾಳಿಗೆ ತಗಡು ಅಲ್ಲಾಡುವ ಸದ್ದು ಬಿಟ್ಟರೆ ಏನೂ ಇಲ್ಲ.

ನಾಯಿ ಹಿಡಿಯುವ ಜವರಯ್ಯ ದೊಡ್ಡಿಯ ಬಾಗಿಲು ತೆರೆದಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದ. ಎತ್ತರದ ಆಳು, ಹಗ್ಗದ ಕುಣಿಕೆಯ ಕೋಲು ಹಿಡಿದು ಬೀದಿಗೆ ಬಂದರೆ ನಾಯಿಗಳ ಜೊತೆ ಮಕ್ಕಳೂ ಓಡಿಹೋಗುತ್ತಿದ್ದರು. ಈಗ ಅವನ ಸುತ್ತ ನಾಯಿಗಳು ಮಲಗಿದ್ದವು. ಒಂದರ ಹರಿದ ಕಿವಿಗೆ ಅವನು ಅರಿಸಿನ ಹಚ್ಚುತ್ತಿದ್ದ. ಅದು ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಳ್ಳುತ್ತಿತ್ತು.

ನಾವು ಬಂದ ಕಾರಣ ಹೇಳಿದೆ. ಜವರಯ್ಯ ತನ್ನ ಕೈ ನೋಡಿಕೊಂಡ.

“ಅದಕ್ಕೇನಾ,” ಅಂದ. “ನಂಗೂ ಆಶ್ಚರ್ಯ ಆಗಿತ್ತು ಕಣಕ್ಕ. ಈಗ ಹಿಡಿಯಾಕೆ ಹೋದ್ರೆ ಅವೇ ಬಂದು ಅಂಗೈಲಿ ತಲೆ ಇಡ್ತವೆ. ತಲೆ ಇಟ್ಟಿದ್ದರ ಕುತ್ತಿಗೆಗೆ ಹೆಂಗಕ್ಕ ಹಗ್ಗ ಹಾಕೋದು? ನಾಯಿ ಸಿಗಲಿಲ್ಲ ಅಂತ ಆಫೀಸಲ್ಲಿ ಹೇಳ್ತಾ ಇವ್ನಿ.” ನಾಯಿಯ ಕಿವಿಗೆ ಮತ್ತೆ ಅರಿಸಿನ ಹಚ್ಚುತ್ತ, ನಮ್ಮ ಕಡೆ ನೋಡದೆ ಹೇಳಿದ. “ನಮ್ಮನೆಯವಳು ಕಾಲು ಉಳುಕಿಸ್ಕೊಂಡಿದ್ಲು. ಈ ಕೈ ಕಂಡ್ರೆ ಅವಳಿಗೆ ಅಸಹ್ಯ, ನಾಯಿ ಹಿಡಿದ ಕೈ ಅಂತ. ಮೊನ್ನೆ ಅವಳಾಗೇ ‘ನೀವೇ ಸ್ವಲ್ಪ ನೀವಿಕೊಡಿ’ ಅಂದ್ಲು.”

ಖೋಯ್ ಮುಂದೆ ಬಂದು, ಎಂದಿನಂತೆ ತುಸು ಬಾಗಿ, “ಇರ್ಲಿ ಅಣ್ಣ. ನಿಮ್ಮ ಹತ್ರಾನೇ ಇರ್ಲಿ,” ಅಂದ. ಹೇಳಿ ತಿರುಗಿ ನಡೆದುಬಿಟ್ಟ.

“ಇದು ಅವರ ಊರಿನ ಬೇಡವೋ, ನಿಜವಾದ ಬೇಡವೋ?” ಅಂತ ಸುವೆನ್‌ಳನ್ನು ಮೆಲ್ಲಗೆ ಕೇಳಿದೆ.

“ಎರಡೂ ಅಕ್ಕ,” ಅಂದಳು.

ದೊಡ್ಡಮ್ಮನಿಗೆ ಹೇಳಿದರೆ ಅವರೂ ಅದನ್ನೇ ಅಂದರು. ಜವರಯ್ಯನಿಗೆ ಇಷ್ಟು ವರ್ಷಕ್ಕೆ ಒಂದು ಒಳ್ಳೆಯದಾಗಿದೆ, ಕಿತ್ತುಕೊಳ್ಳಬೇಡಿ, ನನ್ನ ತೋಳು ಇನ್ನೆಷ್ಟು ದಿನದ್ದು ಅಂತ. ಖೋಯ್ ಬಟ್ಟೆ ಕಟ್ಟಿಟ್ಟುಕೊಂಡ. ಬದಲಿ ನರ್ಸ್ ಬರುವವರೆಗೆ ಮಾತ್ರ ಇರುತ್ತೇನೆ ಅಂದ. ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಹಿಡಿಯದೆ ಬಿಟ್ಟ ನಾಯಿಗಳೆಲ್ಲ ಜವರಯ್ಯನ ಅಂಗೈಯಲ್ಲೇ ಇರುತ್ತವೆಯೇ? ಬೀದಿಯಲ್ಲಿ ಅವು ನಾಯಿಗಳೇ.

ಒಂದು ಬೆಳಿಗ್ಗೆ ಜವರಯ್ಯ ಒಂದು ಪುಟ್ಟ ಹುಡುಗಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬಂದ. ಹಿಂದೆ ಅವಳ ತಾಯಿ, ಅಳುತ್ತ. ನಾನು ದೊಡ್ಡಮ್ಮನ ಜೊತೆ ಅಲ್ಲೇ ಕೂತಿದ್ದೆ. ಹುಡುಗಿಯ ಮೀನಖಂಡದಲ್ಲಿ ನಾಯಿ ಕಚ್ಚಿದ ಗಾಯ. ಅವಳ ಹೆಸರು ಕೆಂಪಿ ಅಂತ ಆಮೇಲೆ ತಿಳಿಯಿತು. ಮುಕ್ತಾಂಬ ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು, ಇನ್ನೊಬ್ಬ ನರ್ಸೂ ಅವರ ಜೊತೆ ಒಳಗೆ. ಗಾಯ ತೊಳೆದು ಸೂಜಿ ಹಾಕಲು ಖೋಯ್ ಒಬ್ಬನೇ ಇದ್ದದ್ದು.

ಅವನು ಹಾಕಿದ. ಸೂಜಿ ಓರೆಯಾಯಿತು. ಕೆಂಪಿಯ ಕಿರುಚಾಟಕ್ಕೆ ಕಿಟಕಿಯ ಗಾಜು ನಡುಗಿದ ಹಾಗಾಯಿತು. ಜವರಯ್ಯ ಬಗ್ಗಿ ಅವಳ ಕೈ ಹಿಡಿದ. ಹಿಡಿದ ಕೂಡಲೇ ಅವಳು ಸುಮ್ಮನಾಗಿ ಬಿಕ್ಕುತ್ತ ಅವನ ಮುಖ ನೋಡಿದಳು. ಖೋಯ್ ಬೆವರು ಒರೆಸಿಕೊಂಡು ಮತ್ತೆ ಸೂಜಿ ಎತ್ತಿದ. ಮತ್ತೆ ಅದೇ. ಇನ್ನೂ ಹಾಕಬೇಕಾದ್ದು ಉಳಿದಿತ್ತು, ಗಾಯದ ಸುತ್ತಲೂ. ತಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ತಡಿ,” ಅಂದ ಜವರಯ್ಯ. “ಆ ನಾಯಿ ನಂಗೆ ಗೊತ್ತು. ಮೊನ್ನೆ ಹಿಡೀಬೇಕಿತ್ತು, ಬಿಟ್ಟೆ. ನಾನು ಹಿಡಿದಿದ್ರೆ ಈ ಕೂಸಿಗೆ ಹಿಂಗಾಗ್ತಿರಲಿಲ್ಲ.” ನನ್ನ ಕಡೆ ತಿರುಗಿದ. “ವಾರಿಜಕ್ಕ, ಇದನ್ನ ಅವನಿಗೆ ವಾಪಸ್ ಕೊಡಾಕೆ ಏನ್ ಅನ್ಬೇಕು? ಹೇಳಿಕೊಡು.”

ಊರಿಗೆಲ್ಲ ಹೌದು ಕಲಿಸಿದವಳು ನಾನು ಅವತ್ತು ಒಬ್ಬ ಮನುಷ್ಯನಿಗೆ ಅಲ್ಲ ಅನ್ನುವುದನ್ನು ಕಲಿಸಿದೆ. “ಅವನು ಹೊಗಳ್ತಾನೆ. ‘ನಂದಲ್ಲ, ನಿಂದು’ ಅನ್ನು. ಅಷ್ಟೇ.” ಅವನು ತಲೆಯಾಡಿಸಿದ. ಮನಸ್ಸಲ್ಲೇ ಒಂದೆರಡು ಸಲ ಹೇಳಿಕೊಂಡದ್ದು ತುಟಿಯ ಮೇಲೆ ಕಂಡಿತು.

ಖೋಯ್ ಬೇಡ ಅನ್ನಲು ಹೊರಟವನು ಕೆಂಪಿಯ ಕಾಲು ನೋಡಿ ತಡೆದುಕೊಂಡ. ಸೂಜಿ ಕೆಳಗಿಟ್ಟು ಜವರಯ್ಯನ ಎದುರು ನೆಟ್ಟಗೆ ನಿಂತ. “ಅಣ್ಣ,” ಅಂದ, “ನಿಮ್ಮ ಕೈಗುಣ ತುಂಬಾ ಒಳ್ಳೇದು.”

ಜವರಯ್ಯ ಬಾಯಿ ತೆರೆದ. ಅವನ ಮುಖದ ಮೇಲೆ ಜನ ಏನೇನೋ ಅಂದದ್ದು ನಾನೇ ಕೇಳಿದ್ದೇನೆ, ಇಂಥದನ್ನು ಯಾರೂ ಅಂದಿರಲಿಲ್ಲ. ನನಗೆ ಜೀವ ಬಾಯಿಗೆ ಬಂತು. ಏನಾದರೂ ಅಡ್ಡಮಾತು ಬಂದುಬಿಟ್ಟರೆ?

“ಇನ್ನೊಂದ್ಸಲ ಹೇಳಪ್ಪ,” ಅಂದ.

ಇಂಥ ಉತ್ತರ ನಮ್ಮೂರಲ್ಲಿ ಹಿಂದೆ ಯಾರೂ ಕೊಟ್ಟಿರಲಿಲ್ಲ. ಏನಾಗುತ್ತದೋ ಅಂತ ನಾವೆಲ್ಲ ಉಸಿರು ಹಿಡಿದೆವು. ಏನೂ ಆಗಲಿಲ್ಲ. ಖೋಯ್ ಮಾತ್ರ ಅದರಲ್ಲಿ ವಿಶೇಷವೇನೂ ಇಲ್ಲ ಎಂಬಂತೆ ಇನ್ನೊಮ್ಮೆ ಹೇಳಿದ. “ನಿಮ್ಮ ಕೈ ತುಂಬಾ ಒಳ್ಳೇದು ಅಣ್ಣ. ಮಗು ಅಷ್ಟು ಅಳ್ತಿತ್ತು. ನೀವು ಹಿಡಿದ ತಕ್ಷಣ ನಿಲ್ಲಿಸ್ತು.”

“ಇನ್ನೊಂದು.”

“ಗಾಯದ ನಾಯಿನೂ ನಿಮ್ಮ ಕೈಲಿ ಕಣ್ಣು ಮುಚ್ಚಿ ಮಲಗಿತ್ತು. ನಾನು ನೋಡ್ದೆ.”

ಜವರಯ್ಯ ಮೂಗು ಒರೆಸಿಕೊಂಡ. ಆಮೇಲೆ ತನ್ನ ಕೈಯನ್ನು ಖೋಯ್‌ನ ಕೈ ಮೇಲಿಟ್ಟು, “ನಂದಲ್ಲಪ್ಪ,” ಅಂದ. “ನನ್ನ ಹತ್ರ ಇತ್ತು, ಅಷ್ಟೇ. ನಿಂದು. ತಗೊ.”

ಖೋಯ್ ಕೆಳಗೆ ಕೂತು ಸೂಜಿ ಎತ್ತಿಕೊಂಡ. ಕೆಂಪಿ ಕಣ್ಣು ಮುಚ್ಚಿ ಕಿರುಚಲು ಬಾಯಿ ದೊಡ್ಡದಾಗಿ ತೆರೆದಳು. ತೆರೆದೇ ಇದ್ದಳು. ಕೊನೆಗೆ ಒಂದು ಕಣ್ಣು ಬಿಟ್ಟು, “ಯಾವಾಗ ಹಾಕೋದು?” ಅಂದಳು.

“ಆಯ್ತು,” ಅಂದ ಖೋಯ್.

ದೊಡ್ಡಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದರು, ಎಲ್ಲಿ ಮತ್ತೆ ಹೊಗಳಿಬಿಡುತ್ತೇನೋ ಅಂತ. ಆದರೆ ಸ್ವಭಾವ ಬಿಡಬೇಕಲ್ಲ, ಮುಂದಿನ ವಾರ ಹೊಗಳಿಯೇಬಿಟ್ಟರು. ಖೋಯ್ ಕೆಂಪಾದ, ನೆಲ ನೋಡಿದ, ಎರಡೂ ಕೈ ಎದೆಗೆ ತಂದುಕೊಂಡ. ಆಮೇಲೆ, “ಹೌದು ದೊಡ್ಡಮ್ಮ. ನಮ್ಮಮ್ಮ ಕೊಟ್ಟಿದ್ದು,” ಅಂದ. ಅದು ಉಳಿಯಿತು. ಅವನೂ ಉಳಿದ. ನನ್ನ ಪಾಠದಲ್ಲಿ ಈಗ ಆ ಉತ್ತರವನ್ನೂ ಸೇರಿಸಿದ್ದೇನೆ. ಹಿರಿಯರ ಮುಂದೆ ಬರಿಯ ಹೌದು ಹೇಳಲು ನಾಚುವವರಿಗೆ ಅನುಕೂಲವಾಗಿದೆ. ಸುವೆನ್ ಮಾತ್ರ ನನ್ನ ಪಾಠಕ್ಕೆ ತೃಪ್ತಳಲ್ಲ. ಇನ್ನೂ ಯಾವ ಯಾವ ಉತ್ತರಕ್ಕೆ ಏನೇನಾಗುತ್ತದೆ ಅಂತ ನೋಡಲು ಸಾವಂತ್ರಕ್ಕನ ಅಡುಗೆಮನೆಯಲ್ಲಿ ಪರೀಕ್ಷೆ ನಡೆಸುತ್ತಿರುತ್ತಾಳೆ.

ಇದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಕೆಂಪಿಯನ್ನು ಅವಳ ತಾಯಿ ಕರೆದುಕೊಂಡು ಹೋದ ಮೇಲೆ ಜವರಯ್ಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಳ್ಳುತ್ತಿದ್ದ. ಒರಟು ಕೈ, ಹಗ್ಗದ ಕಲೆಗಳು. ನಾನು ಪಕ್ಕದಲ್ಲಿ ಕೂತೆ. ಸುಮ್ಮನೆ ಕೂತು ಎದ್ದುಬರಬೇಕಿತ್ತು. ನಮ್ಮೂರಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಎದೆಯಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

“ಜವರಯ್ಯ, ನೀನು ದೊಡ್ಡ ಮನುಷ್ಯ ಕಣಯ್ಯ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎಂಥ ಕೆಲಸ ಮಾಡಿದೆ! ಇವನನ್ನು ಯಾರೂ ಹೊಗಳಿದ್ದೇ ಇಲ್ಲ, ಹೌದು ಅಂದು ರೂಢಿಯೇ ಇಲ್ಲ. ಈಗತಾನೇ ಅಲ್ಲ ಅನ್ನುವುದನ್ನು ನಾನೇ ಬಾಯಿಪಾಠ ಮಾಡಿಸಿದ್ದೇನೆ. ಅದನ್ನೇ ಅಂದರೆ ಇದೂ ಹೋಯಿತಲ್ಲ.

ಅವನು ತಲೆ ಎತ್ತಿ ನನ್ನನ್ನು ನೋಡಿದ.

“ಹೌದಾ?” ಅಂದ.

ಹೌದೂ ಅಲ್ಲ, ಇಲ್ಲವೂ ಅಲ್ಲ. ಖೋಯ್ ಕೇಳಿದ ‘ಎಲ್ಲಿ’ಯ ಹಾಗೆ ಊರ ಮೇಲೆ ಹೋಗುವ ಪ್ರಶ್ನೆಯೂ ಅಲ್ಲ. ಅವನು ನನ್ನನ್ನೇ ಕೇಳುತ್ತಿದ್ದ, ನನ್ನ ಮುಖದಿಂದ ಕಣ್ಣು ತೆಗೆಯದೆ ಕಾಯುತ್ತಿದ್ದ. ಅದನ್ನು ನಿಜ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಇನ್ನೊಬ್ಬರ ಪರವಾಗಿ ಆ ಮಾತು ಹೇಳುವುದು ಇಷ್ಟು ಭಾರವಿರುತ್ತದೆ ಅಂತ ನನಗೆ ತಿಳಿದಿರಲಿಲ್ಲ.

“ಹೌದು,” ಅಂದೆ.

ಅವನು ಎದ್ದು, ಪಂಚೆ ಕೊಡವಿಕೊಂಡು, ಮೆಟ್ಟಿಲಿಳಿದು ಗೇಟಿನ ಕಡೆ ಹೋದ. ನಾಯಿಗಳು ಅಲ್ಲಿ ಅವನಿಗಾಗಿ ಕಾದಿದ್ದವು. ಅವನು ಕೈ ಚಾಚಿದ, ತನ್ನದೇ ಕೈ. ಒಂದೊಂದಾಗಿ ಬಂದು ಮೂಸಿದವು, ಕಿವಿ ಹಿಂದಕ್ಕೆ ಮಾಡಿದವು, ಮೆಲ್ಲಗೆ ದಾರಿ ಹಿಡಿದವು. ಅರಿಸಿನ ಹಚ್ಚಿದ ಕಿವಿಯದು ಮಾತ್ರ ಬಹಳ ಹೊತ್ತು ಮೂಸಿತು. ಉಳಿದವು ತಿರುವಿನಲ್ಲಿ ಮರೆಯಾಗುವುದನ್ನು ಒಮ್ಮೆ ತಿರುಗಿ ನೋಡಿತು. ಆಮೇಲೆ ಅವನ ಕಾಲಿಗೆ ಒರಗಿ ಕೂತಿತು. ಜವರಯ್ಯ ಅಲ್ಲಾಡದೆ ನಿಂತ. ಮುಟ್ಟಲು ಅವನಿಗೇ ಹೆದರಿಕೆ. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಅದರ ತಲೆಯ ಮೇಲೆ ಕೈಯಿಟ್ಟ.